ಬಳಕೆದಾರ ಇಂಟರ್‌ಫೇಸ್ ಸ್ಥಿತಿಯ ಘಟಕ ಪರೀಕ್ಷೆ

ಬಳಕೆದಾರ ಇಂಟರ್‌ಫೇಸ್ ಸ್ಥಿತಿಯ ಘಟಕ ಪರೀಕ್ಷೆ ಎಂಬುದು ತಂತ್ರಾಂಶದ ಪರದೆಯು ಯಾವ ಕ್ಷಣದಲ್ಲಿ ಏನನ್ನು ತೋರಿಸಬೇಕೆಂದು ನಿರ್ಧರಿಸುವ ದತ್ತಾಂಶವನ್ನು, ಪರದೆಯನ್ನು ಚಿತ್ರಿಸದೆಯೇ ಪರಿಶೀಲಿಸುವ ವಿಧಾನ. ಪರೀಕ್ಷಾ-ಚಾಲಿತ ಅಭಿವೃದ್ಧಿಯಲ್ಲಿ ಈ ಪರೀಕ್ಷೆಯನ್ನು ಮೂಲ ಸಂಕೇತಕ್ಕಿಂತ ಮೊದಲೇ ಬರೆಯಲಾಗುತ್ತದೆ.

ಹಿನ್ನೆಲೆ

ಪರೀಕ್ಷಾ-ಚಾಲಿತ ಅಭಿವೃದ್ಧಿಯನ್ನು ಕೆಂಟ್ ಬೆಕ್ ಅವರ 2002ರ ಪುಸ್ತಕವು ವ್ಯಾಪಕವಾಗಿ ಪರಿಚಯಿಸಿತು. ವಿಫಲವಾಗುವ ಪರೀಕ್ಷೆ (ಕೆಂಪು), ಅದನ್ನು ಸಫಲಗೊಳಿಸುವಷ್ಟೇ ಸಂಕೇತ (ಹಸಿರು), ಬಳಿಕ ಸಂಕೇತದ ಮರುರೂಪಣೆ ಎಂಬುದು ಇದರ ಆವರ್ತ. ಗುಂಡಿ, ಕಿಟಕಿಗಳನ್ನು ಹೀಗೆ ಪರೀಕ್ಷಿಸುವುದು ಕಷ್ಟವಾದುದರಿಂದ, ನಿರ್ಧಾರಗಳನ್ನೆಲ್ಲ ಕಿಟಕಿಯಿಂದ ಹೊರತೆಗೆಯುವ ಮಾರ್ಗವನ್ನು ಮೈಕೆಲ್ ಫೆದರ್ಸ್ ಅದೇ ವರ್ಷ ಸೂಚಿಸಿದರು. ಮಾರ್ಟಿನ್ ಫೌಲರ್ ಅವರ ಪ್ರೆಸೆಂಟೇಷನ್ ಮಾಡೆಲ್ (2004), ಜಾನ್ ಗಾಸ್‌ಮನ್ ಅವರ ಎಂವಿವಿಎಂ (2005) ಇದೇ ದಾರಿಯವು.

ವಿಧಾನ

ಬೆಂಗಳೂರಿನ ನಮ್ಮ ಮೆಟ್ರೊದಲ್ಲಿ ಹಸಿರು ಮಾರ್ಗದ ರಾಜಾಜಿನಗರದಿಂದ ಮೆಜೆಸ್ಟಿಕ್ ಮೂಲಕ ನೇರಳೆ ಮಾರ್ಗದ ಕೆಂಗೇರಿಗೆ ಟಿಕೆಟ್ ನೀಡುವ ಆ್ಯಪ್ ಒಂದನ್ನು ಕಲ್ಪಿಸಿಕೊಳ್ಳಬಹುದು. ಅದರ ಪರದೆಯು ಖಾಲಿ, ನಿರೀಕ್ಷಣೆ, ಯಶಸ್ಸು, ದೋಷ ಇವುಗಳಲ್ಲಿ ಒಂದೇ ಸ್ಥಿತಿಯಲ್ಲಿರಬೇಕು. ಇವನ್ನು ಬೇರೆ ಬೇರೆ ಹೌದು/ಅಲ್ಲ ಚರಾಂಶಗಳಲ್ಲಿ ಇಟ್ಟರೆ ‘ನಿರೀಕ್ಷಣೆ’ ಮತ್ತು ‘ದೋಷ’ ಒಟ್ಟಿಗೆ ನಿಜವಾಗುವ ಅಸಂಗತ ಸ್ಥಿತಿಗೆ ಅವಕಾಶವಾಗುತ್ತದೆ. ನಿಜವಾದ ಜಾಲಸಂಪರ್ಕದ ಬದಲು ನಕಲಿ ಸರ್ವರ್ ಬಳಸಿ, ಪಾವತಿ ಗುಂಡಿಯನ್ನು ಎರಡು ಬಾರಿ ಒತ್ತಿದರೂ ಒಂದೇ ಕೋರಿಕೆ ಹೋಗುವುದೇ ಎಂದು ಪರೀಕ್ಷಿಸಲಾಗುತ್ತದೆ. ಇಲ್ಲವಾದರೆ ಪ್ರಯಾಣಿಕನ ಖಾತೆಯಿಂದ ಹಣ ಎರಡು ಸಲ ಕಡಿತವಾಗಬಹುದು.

ಕನ್ನಡ ಪಠ್ಯದ ಪ್ರಕರಣ

ನಿಲ್ದಾಣದ ಹುಡುಕಾಟದಲ್ಲಿ ಕನ್ನಡ ಲಿಪಿಯು ವಿಶೇಷ ಪರೀಕ್ಷೆಗಳನ್ನು ಬೇಡುತ್ತದೆ. ‘ಕೆಂಗೇರಿ’ ಎಂಬುದು ಓದುಗನಿಗೆ 3 ಅಕ್ಷರ. ಯೂನಿಕೋಡ್‌ನಲ್ಲಿ ಸಾಮಾನ್ಯವಾಗಿ 7 ಸಂಕೇತಬಿಂದುಗಳು. ‘ಗೇ’ಯಲ್ಲಿನ ಏಕಾರದ ಚಿಹ್ನೆಯನ್ನು ಒಂದೇ ಸಂಕೇತಬಿಂದುವಾಗಿಯೂ, ಎಕಾರದ ಚಿಹ್ನೆ ಮತ್ತು ದೀರ್ಘಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದಾದ್ದರಿಂದ ಅದೇ ಪದ 8 ಸಂಕೇತಬಿಂದುಗಳೂ ಆಗಬಹುದು. ಯೂನಿಕೋಡ್ ಇವೆರಡನ್ನೂ ಸಮಾನವೆಂದೇ ಪರಿಗಣಿಸುತ್ತದೆ, ಆದರೆ ನೇರ ಹೋಲಿಕೆಯು ಭಿನ್ನವೆಂದು ಹೇಳಿ ಪರದೆಯನ್ನು ‘ನಿಲ್ದಾಣ ಸಿಗಲಿಲ್ಲ’ ಎಂಬ ಸ್ಥಿತಿಗೆ ತರುತ್ತದೆ. 8 ಸಂಕೇತಬಿಂದುಗಳ ರೂಪವನ್ನು ನೀಡಿ ಕೆಂಗೇರಿಯನ್ನೇ ನಿರೀಕ್ಷಿಸುವ ಪರೀಕ್ಷೆ ಮೊದಲು ಕೆಂಪಾಗುತ್ತದೆ. ಪಟ್ಟಿಯನ್ನೂ ನಮೂದನ್ನೂ ಎನ್‌ಎಫ್‌ಸಿ ರೂಪಕ್ಕೆ ಸಾಮಾನ್ಯೀಕರಿಸಿದ ಮೇಲೆ ಹಸಿರಾಗುತ್ತದೆ. ಇಂಗ್ಲಿಷ್ ಹೆಸರುಗಳಿಂದಷ್ಟೇ ಬರೆದ ಪರೀಕ್ಷೆಗಳಲ್ಲಿ ಈ ದೋಷ ಎಂದಿಗೂ ಕಾಣಿಸದು. ‘ಎರಡು ಅಕ್ಷರಗಳ ನಂತರ ಹುಡುಕಾಟ’ ಎಂಬ ನಿಯಮವೂ ಸಂಕೇತಬಿಂದುಗಳನ್ನು ಎಣಿಸಿದರೆ ‘ಕೆ’ ಎಂಬ ಒಂದೇ ಅಕ್ಷರಕ್ಕೆ ಆರಂಭವಾಗಿಬಿಡುತ್ತದೆ.

ಮಿತಿ

ಒತ್ತಕ್ಷರಗಳು ಪರದೆಯಲ್ಲಿ ಸರಿಯಾಗಿ ಮೂಡುವುದನ್ನಾಗಲಿ, ‘ಬಸವೇಶ್ವರನಗರ’ದಂತಹ ಉದ್ದದ ಹೆಸರು ಗುಂಡಿಯೊಳಗೆ ಹಿಡಿಸುವುದನ್ನಾಗಲಿ ಸ್ಥಿತಿಯ ಪರೀಕ್ಷೆ ಹೇಳಲಾರದು. ಅದಕ್ಕೆ ಪರದೆಯ ಚಿತ್ರಗಳನ್ನು ಹೋಲಿಸುವ ಪರೀಕ್ಷೆಗಳನ್ನು ಬಳಸಲಾಗುತ್ತದೆ.