ಎಲೆಯೇ ಚಿನ್ನವಾಗುವ ಸಂಜೆ

ವಿಜಯದಶಮಿಯ ಸಂಜೆ ಪುಣೆಯಲ್ಲಿ ಯಾರ ಮನೆಗೆ ಹೋದರೂ ಅಂಗೈಗೆ ಒಂದು ಎಲೆ ಬೀಳುತ್ತದೆ. ‘ಸೋನಂ ಘ್ಯಾ, ಸೋನ್ಯಾಸಾರಖಂ ರಾಹಾ’ ಎನ್ನುತ್ತಾರೆ. ಚಿನ್ನ ತಗೊಳ್ಳಿ, ಚಿನ್ನದಂತಿರಿ. ಅದೇ ಹೊತ್ತಿಗೆ ಧಾರವಾಡದ ಕಡೆ ‘ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ’ ಎನ್ನುತ್ತಿರುತ್ತಾರೆ. ಮಾತು ಹೆಚ್ಚುಕಡಿಮೆ ಒಂದೇ, ಮರದ ಹೆಸರು ಬೇರೆ. ಬನ್ನಿ ಎಂದರೆ ಶಮಿ, ಪುಟ್ಟ ಎಲೆಗಳ ಮುಳ್ಳುಮರ. ಪುಣೆಯವರದು ಆಪಟಾ, ದನದ ಗೊರಸಿನಂತೆ ಎರಡು ಹೋಳಾದ ಎಲೆ.

ಎಲೆ ಚಿನ್ನವಾದದ್ದು ಹೇಗೆ ಎಂಬುದಕ್ಕೆ ರಘು ಮತ್ತು ಕೌತ್ಸರ ಕಥೆ ಹೇಳುತ್ತಾರೆ. ಗುರುದಕ್ಷಿಣೆಗೆ 14 ಕೋಟಿ ಹೊನ್ನು ಬೇಕಾಗಿದ್ದ ಕೌತ್ಸ, ಯಜ್ಞದಲ್ಲಿ ಎಲ್ಲವನ್ನೂ ದಾನ ಮಾಡಿ ಬರಿಗೈಯಾಗಿದ್ದ ರಘುವಿನ ಬಳಿ ಬಂದ. ರಘು ಕುಬೇರನ ಮೇಲೆ ದಂಡೆತ್ತಲು ಸಿದ್ಧನಾದ. ಹೊರಡುವ ಮೊದಲೇ ಚಿನ್ನದ ಮಳೆ ಸುರಿಯಿತು. ಕಾಳಿದಾಸನ ‘ರಘುವಂಶ’ದಲ್ಲಿ ಅದು ಬೀಳುವುದು ಅರಸನ ಬೊಕ್ಕಸದಲ್ಲಿ. ಜನರ ಕಥೆಯಲ್ಲಿ ಮರದ ಮೇಲೆ. ಕೌತ್ಸ ಬೇಕಾದಷ್ಟೇ ತೆಗೆದುಕೊಂಡ ಎಂಬುದು ಎರಡರಲ್ಲೂ ಉಂಟು. ಮಿಕ್ಕಿದ್ದು ಊರವರಿಗೆ ಹಂಚಿಹೋಯಿತು ಎಂಬುದನ್ನು ಸೇರಿಸಿದವರು ಜನ.

ಪೇಶ್ವೆಯರ ಪುಣೆಯಲ್ಲಿ ಈ ದಿನಕ್ಕೆ ಇನ್ನೊಂದು ಲೆಕ್ಕವಿತ್ತು. ಮಳೆಗಾಲದಲ್ಲಿ ದಂಡು ಮನೆ ಸೇರುತ್ತಿತ್ತು. ಆಶ್ವಯುಜದ ಹೊತ್ತಿಗೆ ಹೊಳೆ ಇಳಿದು, ಕೆಸರು ಆರಿ, ಕುದುರೆಗಳಿಗೆ ಮೇವು ಸಿಗುತ್ತಿತ್ತು. ಆಯುಧ ಪೂಜಿಸಿ ಊರ ಗಡಿ ದಾಟುವ ಸೀಮೋಲ್ಲಂಘನ ದಂಡಯಾತ್ರೆಯ ಮೊದಲ ಹೆಜ್ಜೆ. ಗಡಿಯಾಚೆಯಿಂದ ತಂದ ಎಲೆ ಮುಂದೆ ಬರಲಿರುವ ಚಿನ್ನದ ಮುಂಗಡವಿದ್ದಂತೆ.

ಆ ಚಿನ್ನ ಎಲ್ಲಿಂದ ಬರುತ್ತಿತ್ತು ಎಂಬುದು ಕನ್ನಡನಾಡಿಗೆ ಚೆನ್ನಾಗಿ ಗೊತ್ತಿತ್ತು. ಹದಿನೆಂಟನೇ ಶತಮಾನದುದ್ದಕ್ಕೂ ಮರಾಠಾ ದಂಡು ಇತ್ತ ಬಂದು ಚೌತಾಯಿ ವಸೂಲು ಮಾಡಿತು. 1791ರಲ್ಲಿ, ಟಿಪ್ಪುವಿನ ಮೇಲಿನ ಯುದ್ಧದ ವೇಳೆ, ಶೃಂಗೇರಿ ಮಠವೇ ಲೂಟಿಯಾಯಿತು. ಮಠ ಮತ್ತೆ ಎದ್ದು ನಿಲ್ಲಲು ನೆರವು ಕಳಿಸಿದವನು ಟಿಪ್ಪು.

1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿಯಿತು. ದಂಡು ಹೋಯಿತು, ಎಲೆ ಉಳಿಯಿತು. ಈಗ ಅದೂ ಪೇಟೆಯ ಸರಕು. ಆಪಟಾ ಸಾಲದೆ, ಅದರ ದಾಯಾದಿ ಕಾಂಚನದ ಎಲೆಯನ್ನೂ ಕಟ್ಟುಕಟ್ಟಿ ಮಾರುತ್ತಾರೆ. ಇದಕ್ಕಾಗಿ ಕೊಂಬೆಗಳನ್ನೇ ಕಡಿಯುವುದನ್ನು ಕಂಡು, ಎಲೆಯ ಬದಲು ಸಸಿ ಕೊಡಿ ಎನ್ನುವವರೂ ಇದ್ದಾರೆ.

ಆದರೂ ಸಂಜೆಯ ಪದ್ಧತಿ ಬದಲಾಗಿಲ್ಲ. ಕಿರಿಯರು ಎಲೆ ಕೊಟ್ಟು ಹಿರಿಯರ ಕಾಲಿಗೆ ಬೀಳುತ್ತಾರೆ. ಮುನಿಸಿದ್ದವರು ಅಂದು ಮಾತಾಡಬೇಕು. ಪುಣೆಯಲ್ಲಿ ನೆಲೆಸಿದ ಕನ್ನಡಿಗರ ಮನೆಯಲ್ಲಿ ಬಾಗಿಲಿಗೆ ಬಂದ ನೆರೆಯವರು ಆಪಟಾ ಕೊಡುತ್ತಾರೆ, ಒಳಗಿನವರು ಅದನ್ನು ಬನ್ನಿ ಎಂದೇ ತೆಗೆದುಕೊಂಡು ದೇವರ ಮುಂದಿಡುತ್ತಾರೆ.