ಇಡುಗಂಟಿನ ಸುರಕ್ಷತೆ: ಐದು ಲಕ್ಷದ ಗೆರೆ

ಹೂಡಿಕೆಯ ಅಪಾಯ ಎಂದೊಡನೆ ಷೇರುಪೇಟೆ ನೆನಪಾಗುತ್ತದೆ. ನಿವೃತ್ತಿಯ ಹಣವನ್ನು ಎಫ್‌ಡಿಯಲ್ಲಿಟ್ಟವರು ಆ ಚಿಂತೆ ತಮಗಿಲ್ಲ ಎಂದು ನೆಮ್ಮದಿಯಾಗಿರುತ್ತಾರೆ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಹಣ ತೆಗೆಯಲು 35,000 ರೂಪಾಯಿಯ ಮಿತಿ ಇಟ್ಟಾಗ ಕಂಗಾಲಾದವರಲ್ಲಿ ಇಂಥ ಹಿರಿಯರೇ ಬಹಳ ಮಂದಿ. ಠೇವಣಿಗೂ ಅಪಾಯವಿದೆ. ಅದರ ಅಳತೆ ಮೊದಲೇ ತಿಳಿದಿರಬೇಕು.

ವಿಮೆ ಬಂದ ಬಗೆ

1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಳುಗಿತು. ಮರುವರ್ಷ ಸಂಸತ್ತು ಠೇವಣಿ ವಿಮೆಯ ಕಾಯ್ದೆ ತಂದಿತು. 1962ರ ಜನವರಿ 1ರಿಂದ ಅದು ಜಾರಿಯಾಯಿತು. ಆಗಿನ ರಕ್ಷಣೆ ಒಬ್ಬ ಠೇವಣಿದಾರರಿಗೆ 1,500 ರೂಪಾಯಿ. 1993ರಲ್ಲಿ ಒಂದು ಲಕ್ಷಕ್ಕೆ ಏರಿದ್ದು ಅಲ್ಲೇ ನಿಂತುಬಿಟ್ಟಿತು. ಐದು ಲಕ್ಷವಾದದ್ದು 2020ರ ಫೆಬ್ರವರಿ 4ರಂದು. ಇಷ್ಟು ತಡವಾದದ್ದು ಸಣ್ಣ ಉಳಿತಾಯಗಾರರಿಗೆ ಆದ ಅನ್ಯಾಯವೇ ಸರಿ. ವಿಮೆಯ ಕಂತನ್ನು ಬ್ಯಾಂಕೇ ಕಟ್ಟುತ್ತದೆ, ಗ್ರಾಹಕರು ಅರ್ಜಿ ಹಾಕಬೇಕಿಲ್ಲ.

ಐದು ಲಕ್ಷದ ಲೆಕ್ಕ

ಈ ಮೊತ್ತದಲ್ಲಿ ಅಸಲೂ ಬಡ್ಡಿಯೂ ಸೇರಿವೆ. 4,80,000 ರೂಪಾಯಿ ಇಟ್ಟು, 40,000 ಬಡ್ಡಿ ಕೂಡಿದ್ದರೆ 20,000 ರೂಪಾಯಿ ವಿಮೆಯಿಂದ ಹೊರಗುಳಿಯುತ್ತದೆ. ಒಂದೇ ಬ್ಯಾಂಕಿನ ಜಯನಗರ ಶಾಖೆಯಲ್ಲೊಂದು, ಮೈಸೂರು ಶಾಖೆಯಲ್ಲೊಂದು ಎಂದು ಹಂಚಿಟ್ಟರೂ ಪ್ರಯೋಜನವಿಲ್ಲ, ಎಲ್ಲ ಶಾಖೆಗಳ ಹಣವನ್ನೂ ಕೂಡಿಸಿಯೇ ಲೆಕ್ಕ ಹಾಕುತ್ತಾರೆ. ಬೇರೆ ಬ್ಯಾಂಕಿನಲ್ಲಿಟ್ಟರೆ ಅಲ್ಲಿ ಮತ್ತೆ ಐದು ಲಕ್ಷದ ರಕ್ಷಣೆ. ಗಂಡನ ಒಂಟಿ ಖಾತೆ ಮತ್ತು ಹೆಂಡತಿಯೊಡನೆ ಇರುವ ಜಂಟಿ ಖಾತೆಗೂ ಪ್ರತ್ಯೇಕ ಲೆಕ್ಕವಿದೆ.

ವಿಮೆಯ ಹೊರಗಿರುವವರು

ನಮ್ಮ ಊರುಗಳಲ್ಲಿ ಹೆಚ್ಚು ಜನ ಎಡವುವುದು ಇಲ್ಲಿ. ಸಹಕಾರ ಬ್ಯಾಂಕುಗಳಿಗೆ ಈ ವಿಮೆ ಉಂಟು. ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದ ಸೌಹಾರ್ದ ಸಹಕಾರಿಗಳಿಗೂ ಇಲ್ಲ. ಕೌಂಟರು, ಪಾಸ್‌ಬುಕ್ಕು, ಪಿಗ್ಮಿ ಸಂಗ್ರಹಿಸಲು ಮನೆಗೆ ಬರುವ ಏಜೆಂಟರು, ಎಲ್ಲವೂ ಬ್ಯಾಂಕಿನಂತೆಯೇ ಕಾಣುತ್ತವೆ. ಪರಿಚಯದ ನಿರ್ದೇಶಕರು, ಒಂದೆರಡು ಶೇಕಡಾ ಹೆಚ್ಚಿನ ಬಡ್ಡಿ, ಇಷ್ಟಕ್ಕೇ ನಂಬಿಕೆ ಹುಟ್ಟಿಬಿಡುತ್ತದೆ. ಆ ಹೆಚ್ಚುವರಿ ಬಡ್ಡಿ ನೀವು ಹೊರುವ ಅಪಾಯಕ್ಕೆ ಸಿಗುವ ಬೆಲೆ. ಎಲ್ಲ ಸಂಘಗಳೂ ಕೆಟ್ಟವಲ್ಲ, ದಶಕಗಳಿಂದ ಪ್ರಾಮಾಣಿಕವಾಗಿ ನಡೆದವು ಎಷ್ಟೋ ಇವೆ. ಆದರೂ ಜೀವಮಾನದ ಉಳಿತಾಯವನ್ನೆಲ್ಲ ಅಲ್ಲೇ ಇಡುವುದು ತಪ್ಪು. ಕಂಪನಿಗಳು ಪಡೆಯುವ ಠೇವಣಿಗೂ ಈ ವಿಮೆ ಇಲ್ಲ. ಅಂಚೆ ಕಚೇರಿಯ ಠೇವಣಿಗೆ ಕೇಂದ್ರ ಸರ್ಕಾರವೇ ಹೊಣೆ.

ಬೆಲೆಯೇರಿಕೆ

ಬ್ಯಾಂಕ್ ಮುಳುಗದಿದ್ದರೂ ಠೇವಣಿಗೆ ಇನ್ನೊಂದು ಅಪಾಯವಿದೆ. ಶೇ. 7ರ ಬಡ್ಡಿಗೆ ಶೇ. 30ರ ತೆರಿಗೆ ಕಟ್ಟುವವರ ಕೈಗೆ ಉಳಿಯುವುದು ಶೇ. 4.9. ಬೆಲೆಗಳು ಅದಕ್ಕಿಂತ ವೇಗವಾಗಿ ಏರಿದರೆ, ಬ್ಯಾಂಕ್ ಎಷ್ಟೇ ಗಟ್ಟಿಯಾಗಿದ್ದರೂ ಹಣದ ಕೊಳ್ಳುವ ಶಕ್ತಿ ಕರಗುತ್ತದೆ. ಹತ್ತು ಹದಿನೈದು ವರ್ಷ ಮುಟ್ಟಬೇಕಿಲ್ಲದ ಹಣದಲ್ಲಿ ಒಂದು ಪಾಲನ್ನು ಇಂಡೆಕ್ಸ್ ಫಂಡಿನಂಥ ಕಡೆ ತೊಡಗಿಸುವುದು ಈ ಕಾರಣಕ್ಕೇ.

ಹಣ ಕೈಸೇರುವವರೆಗೆ

ಹಿಂದೆ ಬ್ಯಾಂಕ್ ಪೂರ್ತಿ ಮುಚ್ಚುವವರೆಗೂ ವಿಮೆ ಹಣಕ್ಕಾಗಿ ವರ್ಷಗಟ್ಟಲೆ ಕಾಯಬೇಕಿತ್ತು. 2021ರ ತಿದ್ದುಪಡಿಯ ಪ್ರಕಾರ, ನಿರ್ಬಂಧ ಹೇರಿದ 90 ದಿನಗಳೊಳಗೆ ಅದು ಠೇವಣಿದಾರರಿಗೆ ಸಿಗಬೇಕು. ಆ ಮೂರು ತಿಂಗಳೂ ಔಷಧಿ, ಬಾಡಿಗೆ, ಮಕ್ಕಳ ಫೀಸು ನಿಲ್ಲುವುದಿಲ್ಲ. ಅಷ್ಟು ಕಾಲದ ಮನೆಖರ್ಚನ್ನಾದರೂ ಇನ್ನೊಂದು ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಇಟ್ಟುಕೊಂಡಿರಬೇಕು.