ಕಡಿಮೆ ಗಂಟೆ ಹಾರಿದ ಹಳೇ ಕಿಟ್ ವಿಮಾನದ ಎಂಜಿನ್ ನಿಜಕ್ಕೂ ಹೊಸದರಂತೆಯೇ?

ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವಾಗ ನಾವೆಲ್ಲ ಮೊದಲು ಕೇಳುವುದು ಎಷ್ಟು ಕಿಲೋಮೀಟರ್ ಓಡಿದೆ ಎಂದು. ಹಳೇ ಕಿಟ್ ವಿಮಾನ ಮಾರುವವರೂ ಇದೇ ಧಾಟಿಯಲ್ಲಿ ಮಾತಾಡುತ್ತಾರೆ: ಹದಿನೈದು ವರ್ಷದಲ್ಲಿ ಬರೀ 90 ಗಂಟೆ ಹಾರಿದೆ, ಎಂಜಿನ್ ಹೊಸದರ ಹಾಗಿದೆ! ಬೈಕಿಗೆ ಒಪ್ಪಬಹುದಾದ ಈ ಲೆಕ್ಕ ವಿಮಾನದ ಎಂಜಿನ್‌ಗೆ ಒಪ್ಪುವುದಿಲ್ಲ.

ಕಿಟ್ ವಿಮಾನ ಎಂದರೆ ಬಿಡಿಭಾಗಗಳಾಗಿ ಬಂದು, ಕೊಂಡವರೇ ಜೋಡಿಸಿಕೊಳ್ಳುವ ಪುಟ್ಟ ವಿಮಾನ. ಬ್ರಿಟನ್‌ನಲ್ಲಿ ಹೀಗೆ ಮಾರಾಟವಾದ ಎಕ್ಸ್-ಏರ್ ಎಂಬ ಎರಡು ಸೀಟಿನ ವಿಮಾನ ತಯಾರಾದದ್ದು ನಮ್ಮ ಬೆಂಗಳೂರಿನಲ್ಲಿ, ರಾಜ್ ಹಂಸ ಅಲ್ಟ್ರಾಲೈಟ್ಸ್ ಕಂಪನಿಯಲ್ಲಿ. (ನನಗೂ ಇದು ಗೊತ್ತಿರಲಿಲ್ಲ!) ಅಲ್ಯೂಮಿನಿಯಂ ಪೈಪುಗಳ ಮೇಲೆ ಬಟ್ಟೆ ಹೊದಿಸಿದ ಇದರಲ್ಲಿ ಆಸ್ಟ್ರಿಯಾದ ರೋಟ್ಯಾಕ್ಸ್ 582 ಅಥವಾ ಆಸ್ಟ್ರೇಲಿಯಾದ ಜಬಿರು 2200 ಎಂಜಿನ್ ಇರುವುದುಂಟು. ಹಳೆಯದನ್ನು ಕೊಳ್ಳುವವರಿಗೆ ಯಾವ ಎಂಜಿನ್ ಇರುವುದನ್ನು ಆರಿಸಬೇಕು ಎಂಬುದೇ ದೊಡ್ಡ ಪ್ರಶ್ನೆ.

ನಿಂತಲ್ಲೇ ಹಾಳಾಗುವುದು ಹೇಗೆ?

ರೋಟ್ಯಾಕ್ಸ್ 582 ಹಳೇ ಸ್ಕೂಟರ್‌ಗಳಲ್ಲಿದ್ದಂಥ ಟೂ-ಸ್ಟ್ರೋಕ್ ಎಂಜಿನ್. ಒಳಗಿನ ಕ್ರ್ಯಾಂಕ್‌ಶಾಫ್ಟ್ ಬೇರಿಂಗ್‌ಗಳಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆ ಬಂದಾಗ ಮಾತ್ರ. ಎಂಜಿನ್ ವರ್ಷಗಟ್ಟಲೆ ಸುಮ್ಮನೆ ನಿಂತರೆ ಗಾಳಿಯ ತೇವ ಒಳಗೆ ಸೇರಿ ಬೇರಿಂಗ್ ತುಕ್ಕು ಹಿಡಿಯುತ್ತದೆ. ರಬ್ಬರ್ ಸೀಲುಗಳು ಒಣಗಿ ಬಿರುಕು ಬಿಡುತ್ತವೆ. ಹೊರಗಿನಿಂದ ನೋಡಿದರೆ ಎಲ್ಲ ಫಳಫಳ!

ಅದಕ್ಕೇ ತಯಾರಕರು ಈ ಎಂಜಿನ್ ಬಿಚ್ಚಿ ಪೂರ್ತಿ ರಿಪೇರಿ ಮಾಡಿಸಲು ಎರಡು ಮಿತಿ ಹೇಳಿದ್ದಾರೆ: 300 ಗಂಟೆ ಅಥವಾ 5 ವರ್ಷ, ಯಾವುದು ಮೊದಲೋ ಅದು. ಅಂದರೆ 15 ವರ್ಷದಲ್ಲಿ 90 ಗಂಟೆ ಹಾರಿದ ಎಂಜಿನ್‌ಗೆ ಒಮ್ಮೆಯೂ ಈ ರಿಪೇರಿ ಆಗಿಲ್ಲದಿದ್ದರೆ ಅದರ ಅವಧಿ ಮುಗಿದು ಹತ್ತು ವರ್ಷ ಆಗಿದೆ. ರಿಪೇರಿಯ ಖರ್ಚನ್ನು ವಿಮಾನದ ಬೆಲೆಗೆ ಸೇರಿಸಿ ನೋಡಿ, ಅಗ್ಗ ಅನ್ನಿಸಿದ್ದು ಅಗ್ಗವಾಗಿ ಉಳಿಯುವುದು ಕಷ್ಟ. ಈ ಎಂಜಿನ್ ಇದ್ದಕ್ಕಿದ್ದಂತೆ ನಿಲ್ಲಬಹುದು, ಇಳಿಯಲು ಜಾಗವಿಲ್ಲದ ಕಡೆ ಹಾರಬೇಡಿ ಎಂಬ ಎಚ್ಚರಿಕೆ ಕಂಪನಿಯ ಕೈಪಿಡಿಯಲ್ಲೇ ಇದೆ. ನಿಂತರೆ ಬೈಕಿನಂತೆ ರಸ್ತೆ ಬದಿಗೆ ತಳ್ಳಲು ಆಗುವುದಿಲ್ಲವಲ್ಲ.

ಹಾಗಾದರೆ ಫೋರ್-ಸ್ಟ್ರೋಕ್ ಒಳ್ಳೆಯದೇ?

ಹೌದು, ಆದರೆ ಕಣ್ಣು ಮುಚ್ಚಿಕೊಂಡು ಅಲ್ಲ. ಜಬಿರು ಎಂಜಿನ್ ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ಎಣ್ಣೆಗೆ ಪ್ರತ್ಯೇಕ ವ್ಯವಸ್ಥೆ ಇದೆ. ಆದರೂ ಎಂಜಿನ್ ವೈಫಲ್ಯಗಳ ಕಾರಣ 2014ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ವಿಮಾನಯಾನ ಸುರಕ್ಷತಾ ಪ್ರಾಧಿಕಾರ ಜಬಿರು ಎಂಜಿನ್‌ನ ವಿಮಾನಗಳ ಮೇಲೆ ನಿರ್ಬಂಧ ಹಾಕಿತ್ತು. ಸಿಲಿಂಡರ್‌ಗಳನ್ನು ಬಿಗಿಹಿಡಿಯುವ ಉದ್ದನೆಯ ಬೋಲ್ಟ್‌ಗಳು ತುಂಡಾಗುವುದು ಅದರಲ್ಲೊಂದು ತೊಂದರೆ. 2016ರಲ್ಲಿ ಈ ನಿರ್ಬಂಧ ಸಡಿಲಿಸಿದರು. ಹಾಗಾಗಿ ಜಬಿರು ಇರುವ ವಿಮಾನ ನೋಡುವಾಗ ಈ ಬೋಲ್ಟ್‌ಗಳನ್ನು ಯಾವಾಗ ಬದಲಿಸಿದ್ದಾರೆ ಎಂದು ಕೇಳಲೇಬೇಕು.

80 ಹಾರ್ಸ್‌ಪವರ್ ಎಂದು ಹಿಗ್ಗುವುದೂ ಬೇಡ. ರೋಟ್ಯಾಕ್ಸ್ 582 ಸುಮಾರು 64 ಹಾರ್ಸ್‌ಪವರ್‌ನದು, ಆದರೆ ಗೇರ್‌ಬಾಕ್ಸ್ ಮೂಲಕ ದೊಡ್ಡ ಪ್ರೊಪೆಲ್ಲರನ್ನು ನಿಧಾನಕ್ಕೆ ತಿರುಗಿಸುತ್ತದೆ. ಜಬಿರುನಲ್ಲಿ ಪ್ರೊಪೆಲ್ಲರ್ ಎಂಜಿನ್‌ಗೇ ನೇರ ಜೋಡಣೆ, ವೇಗ ಹೆಚ್ಚು, ಹಾಗಾಗಿ ಪ್ರೊಪೆಲ್ಲರ್ ಚಿಕ್ಕದು. ಎಕ್ಸ್-ಏರ್‌ನಂಥ ನಿಧಾನದ ವಿಮಾನಕ್ಕೆ ದೊಡ್ಡ ಪ್ರೊಪೆಲ್ಲರೇ ಹೆಚ್ಚು ಹೊಂದುತ್ತದೆ. ಆದ್ದರಿಂದ ಕಾಗದದ ಮೇಲಿನ ಹೆಚ್ಚುವರಿ ಶಕ್ತಿಯೆಲ್ಲ ವಿಮಾನ ಏರುವಾಗ ಕಾಣುವುದಿಲ್ಲ.

ಮೊದಲು ಅಗ್ಗದ್ದು ಕೊಂಡು ಆಮೇಲೆ ಬೇರೆ ಎಂಜಿನ್ ಕೂರಿಸಿದರಾಯಿತು ಎನ್ನುವವರೂ ಇದ್ದಾರೆ. ಎಂಜಿನ್ ಬದಲಾದರೆ ಮೂತಿಯ ತೂಕ, ಅದನ್ನು ಹಿಡಿದಿಡುವ ಚೌಕಟ್ಟು, ತಂಪು ಮಾಡುವ ಗಾಳಿಯ ದಾರಿ ಎಲ್ಲ ಬದಲಾಗುತ್ತದೆ. ಬ್ರಿಟನ್‌ನಲ್ಲಂತೂ ಆ ಮಾದರಿಗೆ ಒಪ್ಪಿಗೆ ಇಲ್ಲದ ಎಂಜಿನ್ ಹಾಕಿಕೊಂಡು ಹಾರುವಂತಿಲ್ಲ.

ನನ್ನನ್ನು ಕೇಳಿದರೆ, ವಾರಕ್ಕೊಮ್ಮೆ ಹಾರುತ್ತ, ಲಾಗ್‌ಬುಕ್ಕಿನಲ್ಲಿ ಪ್ರತಿ ರಿಪೇರಿಯನ್ನೂ ದಿನಾಂಕ ಸಮೇತ ಬರೆದಿಟ್ಟ ಎಂಜಿನ್ ಇರುವ ವಿಮಾನವೇ ವಾಸಿ, ಗಂಟೆ ಸ್ವಲ್ಪ ಹೆಚ್ಚಾದರೂ ಸರಿ. ನೋಡಲು ಹೋಗುವ ದಿನ ಎಂಜಿನ್ ಮೊದಲೇ ಚಾಲೂ ಮಾಡಿಡಬೇಡಿ ಎಂದು ಮಾಲೀಕರಿಗೆ ಹೇಳಿ. ಪೂರ್ತಿ ತಣ್ಣಗಿರುವ ಎಂಜಿನ್ ಹೇಗೆ ಚಾಲೂ ಆಗುತ್ತದೆ ಎಂಬುದನ್ನು ಅದೇ ಎಂಜಿನ್ ಬಲ್ಲ ಮೆಕ್ಯಾನಿಕ್ ಜೊತೆ ನಿಂತು ನೋಡಿ, ಮುಂಗಡ ಆಮೇಲೆ ಕೊಡಿ.